ಪರದೇಶದ ಅಡುಗೆಮನೆಯಲ್ಲಿ ಮಲೆನಾಡಿನ ಬೆಳಗಿನ ತಿಂಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಲ್ಲಿ ಬೆಳಿಗ್ಗೆ ಯಾರೇ ಎದುರಾದರೂ ಮೊದಲು ಬರುವ ಮಾತು "ತಿಂಡಿ ಆಯ್ತಾ?" ಎಂಬುದು. ಯೋಗಕ್ಷೇಮ ವಿಚಾರಿಸುವ ನಮ್ಮ ರೀತಿಯೇ ಅದು. ಮಕ್ಕಳು ಕೆಲಸಕ್ಕೆಂದು ದುಬೈಗೋ, ಮಸ್ಕತ್ತಿಗೋ, ಲಂಡನ್ನಿಗೋ, ಅಮೆರಿಕಕ್ಕೋ ಹೋದ ಮೇಲೂ ತಾಯಂದಿರು ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ. "ಆಯ್ತಮ್ಮ, ಬ್ರೆಡ್ ತಿಂದೆ" ಎಂಬ ಉತ್ತರ ಬಂದರೆ ಈ ಕಡೆ ಒಂದು ಕ್ಷಣ ಮಾತು ನಿಲ್ಲುತ್ತದೆ. ನಮ್ಮ ಊರಿನಲ್ಲಿ ಬ್ರೆಡ್ ಎಂದರೆ ಜ್ವರ ಬಂದವರಿಗೆ ಕೊಡುವ ಆಹಾರ!

ನಾವೂ ಸಾಗರ ತಾಲೂಕಿನಿಂದ ಹೊರಟು ಹಲವು ವರ್ಷ ಮಸ್ಕತ್ತಿನಲ್ಲಿದ್ದು ಊರಿಗೆ ಮರಳಿದವರು. ಮೊದಲ ಎರಡು ವರ್ಷ ನಾವು ತಿಂದದ್ದೂ ಬ್ರೆಡ್ಡೇ. ನಮ್ಮ ತಿಂಡಿ ಅಲ್ಲಿ ಸಿಗುವುದಿಲ್ಲ ಎಂದು ನಂಬಿಕೊಂಡಿದ್ದೆವು. ಆ ನಂಬಿಕೆ ಅರ್ಧ ಮಾತ್ರ ನಿಜ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಕಡುಬು, ನೀರುದೋಸೆ, ಅಕ್ಕಿರೊಟ್ಟಿಗಳು ಪರದೇಶದ ಹೋಟೆಲಿನಲ್ಲಿ ಸಿಗುವುದು ಅಪರೂಪ ಎಂಬುದು ನಿಜ. ಆದರೆ ಅವುಗಳಿಗೆ ಬೇಕಾದ ಸಾಮಾನು ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಸಿಗುತ್ತದೆ. ಸಿಗದೆ ಹೋಗುವುದು ಒಂದೇ, ಹದ. ಅದು ಇನ್ನೂ ಊರಿನಲ್ಲಿರುವ ನಮ್ಮ ತಾಯಂದಿರ ಕೈಯಲ್ಲಿದೆ. ವಿದೇಶದಲ್ಲಿರುವ ನಮ್ಮವರಿಗೂ, ಅವರನ್ನು ಕಳುಹಿಸಿ ಇಲ್ಲಿ ಉಳಿದಿರುವ ಹೆತ್ತವರಿಗೂ ಉಪಯೋಗವಾಗಲಿ ಎಂದು ನಮಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಿಂಡಿ ಎಂದರೆ ಯಾವುದು?

ದಕ್ಷಿಣ ಭಾರತದ ತಿಂಡಿ ಎಂದರೆ ಹೊರಗಿನವರಿಗೆ ಇಡ್ಲಿ, ಮಸಾಲೆದೋಸೆ, ವಡೆ. ಇವು ಹೋಟೆಲಿನ ತಿಂಡಿಗಳು. ಮಲೆನಾಡಿನ ಮನೆಗಳಲ್ಲಿ ದಿನನಿತ್ಯ ನಡೆಯುವುದು ಬೇರೆ: ಅಕ್ಕಿತರಿಯ ಕಡುಬು, ನೀರುದೋಸೆ, ತೆಳ್ಳೇವು, ಸೌತೆಕಾಯಿ ದೋಸೆ, ಅಕ್ಕಿರೊಟ್ಟಿ, ಒತ್ತು ಶಾವಿಗೆ, ಅವಲಕ್ಕಿ, ಮಳೆಗಾಲದಲ್ಲಿ ಪತ್ರೊಡೆ ಮತ್ತು ಹಲಸಿನ ಹಣ್ಣಿನ ಕಡುಬು. ತೋಟಕ್ಕೆ ಹೋಗುವವರಿಗೆ ಗಂಜಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಿಟ್ಟು ಹುದುಗಬೇಕಾಗಿಲ್ಲ ಎಂಬುದನ್ನು ಗಮನಿಸಿ. ಆಗುಂಬೆ, ಹುಲಿಕಲ್ಲು ಎಂದರೆ ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣದ ಊರಿನಲ್ಲಿ ಉದ್ದಿನ ಹಿಟ್ಟು ಉಬ್ಬುವುದನ್ನು ನಂಬಿ ಕೂತರೆ ಬೆಳಗಿನ ತಿಂಡಿ ಮಧ್ಯಾಹ್ನಕ್ಕಾದೀತು! ಅಕ್ಕಿ, ನೀರು, ಉಪ್ಪು, ತೆಂಗಿನಕಾಯಿ ಇಷ್ಟರಲ್ಲೇ ಅಂದಂದೇ ಆಗುವ ತಿಂಡಿಗಳು ಈ ವಾತಾವರಣಕ್ಕೆ ಹೊಂದಿ ಬೆಳೆದು ಬಂದಿವೆ. ಚಳಿದೇಶದ ಅಡುಗೆಮನೆಗೂ ಇವೇ ಸರಿಯಾಗಿ ಹೊಂದುತ್ತವೆ. ಇಡ್ಲಿ ಹಿಟ್ಟು ಉಬ್ಬಲಿಲ್ಲ ಎಂದು ಬೇಸರಪಟ್ಟು ಬ್ರೆಡ್ಡಿಗೆ ಮರಳುವ ನಮ್ಮ ಹುಡುಗರು ಅಜ್ಜಿಯ ನೀರುದೋಸೆಯನ್ನು ಮರೆತಿರುತ್ತಾರೆ ಅಷ್ಟೆ.

ನಮ್ಮ ಕ್ರೈಸ್ತ ಮನೆಗಳಲ್ಲಿ ಇನ್ನೊಂದು ವಿಶೇಷವಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳು ಸಾನ್ನಾಂ, ಪೋಳೆ, ಶೆವ್ಯೊ, ಪಾತೊಳಿಗಳನ್ನು ತಮ್ಮ ಜೊತೆಗೇ ತಂದವು. ಇಲ್ಲಿ ನೆರೆಮನೆಯವರಿಂದ ಕಡುಬು, ಜೋನಿಬೆಲ್ಲ, ಅಪ್ಪೆಮಿಡಿಯನ್ನು ಕಲಿತವು. ಆಗುಂಬೆ, ಹುಲಿಕಲ್ಲು, ಗೇರುಸೊಪ್ಪೆ ಘಾಟಿಗಳಲ್ಲಿ ಮನುಷ್ಯರ ಜೊತೆ ತಿಂಡಿಗಳೂ ಹತ್ತಿ ಇಳಿದಿವೆ. ಮನೆ ಬಿಟ್ಟು ದೂರ ಹೋಗಿ, ಅಲ್ಲಿ ಸಿಗುವ ಸಾಮಾನಿನಲ್ಲಿ ಮನೆಯ ರುಚಿ ಹುಡುಕುವ ಕೆಲಸ ನಮ್ಮ ಹಿರಿಯರು ಒಮ್ಮೆ ಮಾಡಿದ್ದೇ.

ಮೊದಲು ಅಕ್ಕಿ

ಪರದೇಶದಲ್ಲಿ ನಮ್ಮ ತಿಂಡಿ ಕೆಡುವುದಕ್ಕೆ ಬಹುಪಾಲು ಕಾರಣ ಅಕ್ಕಿಯ ಆಯ್ಕೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇದೆ. ಒಂದು ಬಗೆ ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ, ಇನ್ನೊಂದು ಹೆಚ್ಚಿದ್ದರೆ ಅಂಟುತ್ತದೆ. ಥಾಯ್ಲೆಂಡಿನ ಜಾಸ್ಮಿನ್ ಅಕ್ಕಿ ಅಂಟುವ ಜಾತಿಗೆ ಹತ್ತಿರ. ಅದರಲ್ಲಿ ನೀರುದೋಸೆ ಹೊಯ್ದರೆ ಕಾವಲಿಗೆ ಕಚ್ಚಿಕೊಳ್ಳುತ್ತದೆ, ಎದ್ದರೂ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಬಾಸುಮತಿಯ ಪರಿಮಳ ತೆಂಗಿನಕಾಯಿಯ ರುಚಿಯನ್ನು ಮುಚ್ಚಿಬಿಡುತ್ತದೆ, ಬೆಲೆಯೂ ಹೆಚ್ಚು. ನಮ್ಮ ತಿಂಡಿಗಳಿಗೆ ಭಾರತೀಯ ಅಂಗಡಿಗಳಲ್ಲಿ ಸಿಗುವ ಸೋನಾ ಮಸೂರಿ ಬೆಳ್ತಿಗೆ ಅಕ್ಕಿ ಉತ್ತಮ. ಹೊಸ ಅಕ್ಕಿಗಿಂತ ಹಳೆಯ ಅಕ್ಕಿ ಇನ್ನೂ ಒಳ್ಳೆಯದು. ಗಂಜಿಗೆ ಮತ್ತು ಸಾನ್ನಾಂಗೆ ಕುಚಲಕ್ಕಿ ಬೇಕಾದರೆ ಕೇರಳದವರ ಅಂಗಡಿಯಲ್ಲಿ ಮಟ್ಟ ಅಕ್ಕಿ ಅಥವಾ ಬಿಳಿ ಕುಚಲಕ್ಕಿ ಕೇಳಬೇಕು.

ಅಕ್ಕಿಹಿಟ್ಟು ಕೊಳ್ಳುವಾಗ ಒಂದು ಎಚ್ಚರಿಕೆ. ಚೀನಾ, ಥಾಯ್ಲೆಂಡ್ ಸಾಮಾನಿನ ಅಂಗಡಿಗಳಲ್ಲಿ ಎರಡು ಬಗೆಯ ಅಕ್ಕಿಹಿಟ್ಟು ಅಕ್ಕಪಕ್ಕದಲ್ಲೇ ಇರುತ್ತವೆ. ಪೊಟ್ಟಣದ ಮೇಲೆ 'ಗ್ಲೂಟಿನಸ್' ಎಂದಿದ್ದರೆ ಅದು ಅಂಟಕ್ಕಿಯ ಹಿಟ್ಟು. ಅದರಲ್ಲಿ ರೊಟ್ಟಿ ತಟ್ಟಲು ಹೋಗಿ ಕೈ ತೊಳೆಯುವುದಕ್ಕೇ ಅರ್ಧ ಗಂಟೆ ಕಳೆದ ಅನುಭವ ನಮಗಿದೆ.

ಅಕ್ಕಿ ಯಾವಾಗಲೂ ಸಿಕ್ಕೇ ಸಿಗುತ್ತದೆ ಎಂದೂ ಹೇಳುವಂತಿಲ್ಲ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ದೇಶದೊಳಗೆ ಅಕ್ಕಿಯ ಬೆಲೆ ಏರದಿರಲಿ ಎಂಬುದು ಅದರ ಉದ್ದೇಶ. ಸೋನಾ ಮಸೂರಿಯೂ ಅದರಲ್ಲಿ ಸೇರಿತ್ತು. ಸುದ್ದಿ ತಿಳಿದೊಡನೆ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಜನ ಸಾಲು ನಿಂತರು. ಕೆಲವು ಅಂಗಡಿಗಳು ಒಬ್ಬರಿಗೆ ಒಂದೇ ಚೀಲ ಎಂದು ಮಿತಿ ಹಾಕಿದವು. ಈ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ಆ ದಿನಗಳಲ್ಲಿ ಬೇರೆ ಅಕ್ಕಿಗಳಲ್ಲಿ ನೀರುದೋಸೆ ಪ್ರಯತ್ನಿಸಿದವರು ಅಕ್ಕಿಯ ಗುಣವನ್ನು ಚೆನ್ನಾಗಿ ಕಲಿತರು ಎನ್ನಬೇಕು.

ನೀರುದೋಸೆ ಮತ್ತು ಸೌತೆಕಾಯಿ ದೋಸೆ

ಎರಡು ಲೋಟ ಸೋನಾ ಮಸೂರಿ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಬೇಕು. ಚಳಿದೇಶದಲ್ಲಿ ರಾತ್ರಿಯಿಡೀ ನೆನೆದರೂ ಬಾಧಕವಿಲ್ಲ. ಅರ್ಧ ಲೋಟ ತೆಂಗಿನ ತುರಿ ಸೇರಿಸಿ ಬೆರಳಿಗೆ ತರಿ ಹತ್ತದಷ್ಟು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ನೀರು ಸೇರಿಸುತ್ತಾ ಹೋಗಬೇಕು. ಹಿಟ್ಟು ಹಾಲಿನಷ್ಟು ತೆಳ್ಳಗಾಗಬೇಕು. ಸೌಟು ಅದ್ದಿ ಎತ್ತಿದರೆ ಅದರ ಬೆನ್ನಿನ ಮೇಲೆ ತೆಳುವಾದ ಪದರ ಮಾತ್ರ ಉಳಿಯಬೇಕು, ಅದೇ ಹದ. ಕಾವಲಿ ಚೆನ್ನಾಗಿ ಕಾದ ಮೇಲೆ ಅಂಚಿನಿಂದ ಒಳಕ್ಕೆ ಹೊಯ್ದು ಮುಚ್ಚಳ ಮುಚ್ಚಿ. ಮಗುಚುವುದು ಬೇಡ. ಅಂಚು ತಾನೇ ಬಿಟ್ಟುಕೊಂಡಾಗ ಮಡಚಿ ತೆಗೆಯಿರಿ.

ತಪ್ಪುವುದು ಎಲ್ಲಿ? ತೂತು ಬೀಳದಿದ್ದರೆ ಕಾವಲಿ ಕಾದಿಲ್ಲ ಅಥವಾ ಹಿಟ್ಟು ದಪ್ಪವಾಗಿದೆ. ಹರಿದುಹೋದರೆ ಹಿಟ್ಟು ಅತಿ ತೆಳ್ಳಗಾಗಿದೆ, ಒಂದು ಚಮಚ ಅಕ್ಕಿಹಿಟ್ಟು ಕಲಸಿ ನೋಡಿ. ಮೊದಲ ನಾಲ್ಕು ಚೆನ್ನಾಗಿ ಬಂದು ಕೊನೆಯವು ದಪ್ಪವಾದರೆ ಅಕ್ಕಿ ತಳಕ್ಕೆ ಇಳಿದಿದೆ ಎಂದರ್ಥ. ಪ್ರತಿ ಸಲವೂ ಸೌಟಿನಿಂದ ತಳ ಕದಡಿಯೇ ಹೊಯ್ಯಬೇಕು. ಊರಿನಿಂದ ತಂದ ಗುಂಡುತಳದ ಕಬ್ಬಿಣದ ಕಾವಲಿ ಅಲ್ಲಿಯ ವಿದ್ಯುತ್ ಒಲೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ನಡುವೆ ಮಾತ್ರ ಕಾಯುತ್ತದೆ. ಚಪ್ಪಟೆ ತಳದ ನಾನ್‌ಸ್ಟಿಕ್ ತವಾ ಸಾಕು.

ಸೌತೆಕಾಯಿ ದೋಸೆ ಇನ್ನೂ ಸುಲಭ. ನೆನೆಸಿದ ಎರಡು ಲೋಟ ಅಕ್ಕಿಗೆ ಎರಡು ಲೋಟ ಸೌತೆಕಾಯಿ ತುರಿ ಹಾಕಿ ರುಬ್ಬಿದರೆ ಬೇರೆ ನೀರು ಹೆಚ್ಚು ಬೇಡ. ನಮ್ಮ ಕಡೆಯ ಬೆಳೆದ ಸೌತೆ ಸಿಗದಿದ್ದರೆ ಅಲ್ಲಿಯ ಸಾಮಾನ್ಯ ಸೌತೆಕಾಯಿಯೂ ಆಗುತ್ತದೆ. ಹೊಸದಾಗಿ ಅಡುಗೆ ಕಲಿಯುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದು. ಕೆಡುವ ಸಾಧ್ಯತೆ ಬಹಳ ಕಡಿಮೆ.

ಕಡುಬು

ಕಡುಬಿಗೆ ಅಕ್ಕಿತರಿ ಬೇಕು. ಭಾರತೀಯ ಅಂಗಡಿಗಳಲ್ಲಿ 'ಇಡ್ಲಿ ರವೆ' ಎಂದು ಸಿಗುವುದು ಸಾಮಾನ್ಯವಾಗಿ ಕುಚಲಕ್ಕಿಯ ತರಿ. ಅದರಲ್ಲಿಯೂ ಮಾಡಬಹುದು, ಆದರೆ ರುಚಿ ಬೇರೆ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಸೋನಾ ಮಸೂರಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜರಡಿ ಹಿಡಿದು ನುಣ್ಣನೆಯ ಹಿಟ್ಟನ್ನು ಬೇರೆ ಮಾಡಿ. ಆ ಹಿಟ್ಟು ರೊಟ್ಟಿಗಾಗುತ್ತದೆ. ತಿಂಗಳಿಗಾಗುವಷ್ಟು ತರಿಯನ್ನು ಒಮ್ಮೆಲೇ ಮಾಡಿ ಡಬ್ಬದಲ್ಲಿಡಬಹುದು.

ಎರಡು ಲೋಟ ತರಿಗೆ ನಾಲ್ಕು ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ, ಉರಿ ತಗ್ಗಿಸಿ, ತರಿಯನ್ನು ಸುರಿಯುತ್ತಾ ಗಂಟಾಗದಂತೆ ತಿರುವಬೇಕು. ನೀರು ಹೀರಿಕೊಂಡ ಮೇಲೆ ಮುಚ್ಚಿಟ್ಟು ಐದು ನಿಮಿಷ ಬಿಡಿ. ಬೇಕಾದವರು ತೆಂಗಿನ ತುರಿ ಸೇರಿಸಬಹುದು. ಕೈ ತಾಳುವಷ್ಟು ಬಿಸಿಯಿರುವಾಗಲೇ, ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಳ್ಳುತ್ತಾ ನಾದಿ ಉಂಡೆ ಕಟ್ಟಬೇಕು. ಆರಿದ ಮೇಲೆ ಕಟ್ಟಿದರೆ ಉಂಡೆ ಬಿರಿಯುತ್ತದೆ. ನಡುವೆ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಒಳಗೂ ಹಬೆ ತಾಗುತ್ತದೆ. ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಇಡ್ಲಿ ಪಾತ್ರೆ ಇಲ್ಲದವರು ಕುಕ್ಕರಿನಲ್ಲಿ ವೈಟ್ ಹಾಕದೆ ಬೇಯಿಸಬಹುದು. ಚೀನಾ ಅಂಗಡಿಯ ಬಿದಿರಿನ ಹಬೆಬುಟ್ಟಿಗೆ ಒದ್ದೆ ಬಟ್ಟೆ ಹಾಸಿಕೊಂಡರೂ ಆಗುತ್ತದೆ. ನಮ್ಮ ಕಡುಬಿಗೆ ಆ ಬಿದಿರಿನ ವಾಸನೆ ಒಪ್ಪುತ್ತದೆ.

ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ ತಿನ್ನುವವರು ನಾವು ಮಾತ್ರವಲ್ಲ. ಮಸ್ಕತ್ತಿನ ರುವಿಯ ಚರ್ಚಿನಲ್ಲಿ ನಮ್ಮ ಪಕ್ಕದಲ್ಲಿ ಕೂರುತ್ತಿದ್ದ ಫಿಲಿಪ್ಪೀನ್ಸಿನವರು ಕ್ರಿಸ್ಮಸ್‌ಗೆ ಮುಂಚಿನ ಒಂಬತ್ತು ದಿನ, ಡಿಸೆಂಬರ್ 16ರಿಂದ 24ರ ತನಕ, ವಿಶೇಷ ಪೂಜೆಗಳನ್ನು ಆಚರಿಸುತ್ತಾರೆ. ತಮ್ಮ ಊರಿನಲ್ಲಿ ಮುಂಜಾನೆಯ ಆ ಪೂಜೆ ಮುಗಿಸಿ ಅವರು ತಿನ್ನುವುದು ಅಕ್ಕಿಯ ತಿಂಡಿಗಳನ್ನೇ. 'ಪುತೊ' ಎಂಬ ಅವರ ಹಬೆತಿಂಡಿ ನಮ್ಮ ಇಡ್ಲಿಯ ತಂಗಿಯಂತಿದೆ. ಒಮ್ಮೆ ನಾವು ಕಡುಬು ಕೊಟ್ಟೆವು, ಅವರು ಪುತೊ ಕೊಟ್ಟರು. ಭಾಷೆ ಬೇರೆಯಾದರೂ "ಇದು ನಮ್ಮ ಅಜ್ಜಿ ಮಾಡುತ್ತಿದ್ದದ್ದು" ಎಂಬ ಮಾತು ಎರಡೂ ಕಡೆಯಿಂದ ಬಂತು.

ಅಕ್ಕಿರೊಟ್ಟಿ ಮತ್ತು ಒತ್ತು ಶಾವಿಗೆ

ಉಕ್ಕರಿಸಿದ ಹಿಟ್ಟಿನ ರೊಟ್ಟಿಗೆ ಹಿಟ್ಟು ಎಷ್ಟೋ ಹೆಚ್ಚುಕಡಿಮೆ ಅಷ್ಟೇ ನೀರು. ಉಪ್ಪು ಹಾಕಿ ಕುದಿಯುವ ನೀರಿಗೆ ಹಿಟ್ಟು ಸುರಿದು, ಒಲೆ ಆರಿಸಿ, ಹತ್ತು ನಿಮಿಷ ಮುಚ್ಚಿಟ್ಟು, ಬಿಸಿಯಲ್ಲೇ ನಾದಬೇಕು. ಪೊಟ್ಟಣದ ಹಿಟ್ಟು ಬಹಳ ಒಣಗಿರುವುದರಿಂದ ಒಂದೆರಡು ಹಿಡಿ ನೀರು ಹೆಚ್ಚು ಬೇಕಾಗಬಹುದು. ಹಿಂದಿನ ದಿನದ ಅನ್ನ ಉಳಿದಿದ್ದರೆ ರುಬ್ಬಿ ಸೇರಿಸಿ, ರೊಟ್ಟಿ ಮೆತ್ತಗಾಗುತ್ತದೆ. ಒಂದು ಎಚ್ಚರಿಕೆ: ಅಲ್ಲಿಯ ಫ್ಲಾಟುಗಳಲ್ಲಿ ಹೊಗೆ ಕಂಡರೆ ಕೂಗುವ ಯಂತ್ರವಿರುತ್ತದೆ. ಊರಿನಂತೆ ಉರಿಯ ಮೇಲೆ ರೊಟ್ಟಿ ಉಬ್ಬಿಸಲು ಹೋದರೆ ಇಡೀ ಕಟ್ಟಡದವರು ಕೆಳಗಿಳಿದು ಬರುತ್ತಾರೆ! ತವಾದ ಮೇಲೆಯೇ ಬಟ್ಟೆಯಿಂದ ಒತ್ತಿ ಉಬ್ಬಿಸಿ.

ಒತ್ತು ಶಾವಿಗೆಗೆ ಶ್ರೀಲಂಕಾ ಅಥವಾ ಕೇರಳದ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಒತ್ತುವ ಸಣ್ಣ ಅಚ್ಚು ಸಿಗುತ್ತದೆ. ಆದರೆ ಅವರ ಕ್ರಮ ಬೇರೆ. ಅವರು ಹಿಟ್ಟನ್ನು ಕಲಸಿ, ಒತ್ತಿ, ಆಮೇಲೆ ಹಬೆಯಲ್ಲಿಡುತ್ತಾರೆ. ನಾವು ರುಬ್ಬಿದ ಹಿಟ್ಟನ್ನು ಒಲೆಯ ಮೇಲೆ ಕಾಸಿ ಗಟ್ಟಿ ಮಾಡಿ, ಉಂಡೆ ಕಟ್ಟಿ ಬೇಯಿಸಿ, ಬಿಸಿಬಿಸಿಯಾಗಿರುವಾಗಲೇ ಒತ್ತುತ್ತೇವೆ. ನಮ್ಮ ಶಾವಿಗೆಯ ಎಳೆ ಹೆಚ್ಚು ಮೆದು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಊರಿನಲ್ಲಿ ಶಾವಿಗೆ ಒರಳಿನ ಕೋಲು ಹಿಡಿಯಲು ಮನೆಯ ಗಂಡಸರನ್ನು ಕೂಗುವುದು ವಾಡಿಕೆ. ಪರದೇಶದಲ್ಲಿಯೂ ಇದನ್ನು ರಜಾದಿನಕ್ಕೆ ಇಟ್ಟುಕೊಂಡು ನಾಲ್ಕು ಜನ ಸ್ನೇಹಿತರನ್ನು ಕರೆಯಿರಿ. ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಇದ್ದರೆ ಬೇರೇನೂ ಬೇಡ.

ಹುದುಗಬೇಕಾದ ತಿಂಡಿಗಳು

ಸಾನ್ನಾಂ, ಉದ್ದಿನ ದೋಸೆ ಬೇಕೇಬೇಕು ಎನ್ನುವವರಿಗೆ ಒಂದು ಮಾತು. ಹಿಟ್ಟು ಚೆನ್ನಾಗಿ ಹುದುಗಲು ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮಳೆಗಾಲದಲ್ಲಿ ನಮ್ಮ ತಾಯಂದಿರು ಹಿಟ್ಟಿನ ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕ ಇಡುತ್ತಿದ್ದದ್ದು ನೆನಪಿದೆಯೇ? ಚಳಿದೇಶದಲ್ಲಿ ಆ ಕೆಲಸವನ್ನು ಓವನ್ ಮಾಡುತ್ತದೆ. ಓವನ್ ಹಚ್ಚುವುದು ಬೇಡ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟರೆ ಸಾಕು. ಅರ್ಧ ಚಮಚ ಮೆಂತ್ಯ ಉದ್ದಿನ ಜೊತೆ ನೆನೆಸಿದರೆ ಅನುಕೂಲ. ಕೊಲ್ಲಿ ರಾಷ್ಟ್ರಗಳಲ್ಲಿ ಸಮಸ್ಯೆ ಇದರ ವಿರುದ್ಧ. ಬೇಸಿಗೆಯಲ್ಲಿ ನಾಲ್ಕೈದು ಗಂಟೆಯಲ್ಲೇ ಉಕ್ಕಿ ಚೆಲ್ಲುತ್ತದೆ, ಮರೆತರೆ ಹುಳಿ. ರಾತ್ರಿ ಮಲಗುವ ಮುಂಚೆ ಫ್ರಿಜ್ಜಿಗೆ ಇಡುವುದೇ ಒಳ್ಳೆಯದು.

ಸಾನ್ನಾಂಗೆ ಕಳ್ಳು ಎಲ್ಲಿಂದ ತರುವುದು? ಒಂದು ಲೋಟ ಎಳನೀರಿಗೆ ಒಂದು ಚಮಚ ಸಕ್ಕರೆ, ಕಾಲು ಚಮಚ ಒಣ ಯೀಸ್ಟ್ ಹಾಕಿ ಅರ್ಧ ಗಂಟೆ ಬಿಟ್ಟರೆ ನೊರೆ ಬರುತ್ತದೆ. ಅದನ್ನು ಹಿಟ್ಟಿಗೆ ಬೆರೆಸಿದರೆ ಕಳ್ಳಿನ ಸಾನ್ನಾಂಗೆ ಸಮೀಪದ ರುಚಿ ಬರುತ್ತದೆ. ಹಬ್ಬಕ್ಕೆ ನಾವು ಹೀಗೆಯೇ ಮಾಡುತ್ತಿದ್ದೆವು, ತಿಂದವರು ದೂರಲಿಲ್ಲ.

ನಂಚಿಕೊಳ್ಳುವುದಕ್ಕೆ

ತೆಂಗಿನ ತುರಿ ಈಗ ಫ್ರೀಜರ್ ಪೊಟ್ಟಣಗಳಲ್ಲಿ ಸಿಗುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಳಸಿದರೆ ಚಟ್ನಿಗೂ ಸಾರಿಗೂ ಸರಿಯಾಗುತ್ತದೆ. ಬೇಕರಿಗೆ ಬಳಸುವ ಒಣ ತೆಂಗಿನ ಪುಡಿ ಮಾತ್ರ ಬೇಡ, ಅದರಲ್ಲಿ ಹಾಲಿಲ್ಲ. ಬಾಳೆಲೆ, ಹಲಸಿನ ಹಣ್ಣಿನ ತೊಳೆ ಕೂಡ ಫ್ರೀಜರಿನಲ್ಲಿ ಹುಡುಕಿದರೆ ಸಿಗುತ್ತವೆ.

ಜೋನಿಬೆಲ್ಲಕ್ಕೆ ಸಾಟಿಯಿಲ್ಲ. ಆದರೆ ಕೊಲ್ಲಿಯಲ್ಲಿ 'ದಿಬ್ಸ್' ಎಂಬ ಖರ್ಜೂರದ ಪಾಕ ಎಲ್ಲ ಅಂಗಡಿಯಲ್ಲೂ ಇದೆ. ಕಪ್ಪಗೆ, ಗಟ್ಟಿಯಾಗಿ, ನೋಡಲು ಜೋನಿಬೆಲ್ಲದಂತೆಯೇ ಇರುತ್ತದೆ. ತುಪ್ಪ ಹಾಕಿ ನೀರುದೋಸೆಯ ಜೊತೆ ಕೊಟ್ಟರೆ ಮಕ್ಕಳು ಎರಡು ಹೆಚ್ಚು ತಿನ್ನುತ್ತಾರೆ. ಬೆಲ್ಲದ ಅಚ್ಚು ಸಿಕ್ಕಿದರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಎಳೆ ಬರುವ ಮುಂಚೆ ಇಳಿಸಿದರೂ ಆಗುತ್ತದೆ. ಅಪ್ಪೆಮಿಡಿಗೆ ಮಾತ್ರ ಬದಲಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ನಮ್ಮ ಹೊಳೆದಂಡೆಯ ಆ ಮಾವಿನ ಮಿಡಿಯ ಪರಿಮಳ ಬೇರೆ ಮಾವಿಗೆ ಬರುವುದಿಲ್ಲ. ಅದನ್ನು ಊರಿನಿಂದಲೇ ತರಬೇಕು.

ಊರಿನಿಂದ ಏನು ತರಬಹುದು, ಏನು ತರಬಾರದು?

ಇದನ್ನು ಮನೆಯಲ್ಲಿರುವ ಹಿರಿಯರು ದಯವಿಟ್ಟು ಗಮನವಿಟ್ಟು ಓದಬೇಕು. ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣ ಮಕ್ಕಳನ್ನು ಜೈಲಿಗೆ ಕಳುಹಿಸುವ ಸಾಧ್ಯತೆಯಿದೆ.

ಮೊದಲನೆಯದು ಗಸಗಸೆ. ಕಡುಬಿನ ಜೊತೆ ಕೋಳಿಸಾರಿಗೆ ನಾವು ಬಳಸುವ ಮಸಾಲೆಯಲ್ಲಿ ಗಸಗಸೆ ಇರುತ್ತದೆ. ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಾಪುರಗಳಲ್ಲಿ ಇದು ನಿಷಿದ್ಧ. ಅಡುಗೆಗೆಂದು ತಂದೆ ಎಂದರೆ ಕೇಳುವುದಿಲ್ಲ. ಆ ದೇಶಗಳಿಗೆ ಹೋಗುವವರಿಗೆ ಮಸಾಲೆ ಪುಡಿ ಮಾಡುವಾಗ ಗಸಗಸೆ ಬಿಟ್ಟೇ ಮಾಡಿ, ಬದಲಿಗೆ ನಾಲ್ಕು ಗೋಡಂಬಿ ಅಲ್ಲಿ ಅರೆದುಕೊಳ್ಳಲಿ. ಹಾಗೆಯೇ ಹಂದಿಮಾಂಸದ ಯಾವ ಪದಾರ್ಥವನ್ನೂ ಸೌದಿ, ಕುವೈತ್‌ಗಳಿಗೆ ಒಯ್ಯುವಂತಿಲ್ಲ.

ಎರಡನೆಯದು ಕೊಬ್ಬರಿ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಬೆಂಕಿ ಹತ್ತುವ ಸರಕು ಎಂದು ವಿಮಾನಯಾನದಲ್ಲಿ ಪರಿಗಣಿಸುತ್ತಾರೆ. ಇಡೀ ಕೊಬ್ಬರಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಮೂರನೆಯದು ತುಪ್ಪ. ಯುರೋಪಿನ ಒಕ್ಕೂಟದ ದೇಶಗಳಿಗೂ ಬ್ರಿಟನ್ನಿಗೂ ಭಾರತದಿಂದ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲ. ತುಪ್ಪವೂ ಹಾಲಿನದೇ. ಬೆಣ್ಣೆ ಅಲ್ಲಿಯೇ ಕೊಂಡು ಕಾಯಿಸಿದರೆ ಒಳ್ಳೆಯ ತುಪ್ಪವೇ ಆಗುತ್ತದೆ.

ಆಸ್ಟ್ರೇಲಿಯಾ ಮತ್ತು ಅಮೆರಿಕಕ್ಕೆ ಹೋಗುವವರು ತಾವು ತಂದ ಎಲ್ಲ ಆಹಾರವನ್ನೂ ಅಧಿಕಾರಿಗಳಿಗೆ ತಿಳಿಸಲೇಬೇಕು. ಹಸಿ ಕರಿಬೇವು, ಅರಿಶಿನ ಎಲೆ, ಬಿತ್ತುವ ಬೀಜಗಳನ್ನು ಕಟ್ಟಿಕೊಡಬೇಡಿ. ಆಸ್ಟ್ರೇಲಿಯಾದಲ್ಲಿ ತಿಳಿಸದೆ ತಂದರೆ ದೊಡ್ಡ ಮೊತ್ತದ ದಂಡ ಬೀಳುತ್ತದೆ, ವೀಸಾ ರದ್ದಾಗುವುದೂ ಉಂಟು. ತಿಳಿಸಿದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ. ಉಪ್ಪಿನಕಾಯಿಯನ್ನು ಭದ್ರವಾಗಿ ಮುಚ್ಚಿದ ಡಬ್ಬದಲ್ಲಿ ದೊಡ್ಡ ಸೂಟ್‌ಕೇಸಿನಲ್ಲಿಡಬೇಕು, ಕೈಚೀಲದಲ್ಲಿ ಬಿಡುವುದಿಲ್ಲ.

ಮಿಕ್ಸಿಯ ಬಗ್ಗೆಯೂ ಒಂದು ಮಾತು. ನಮ್ಮ ಮಿಕ್ಸಿ, ಗ್ರೈಂಡರ್ 230 ವೋಲ್ಟಿನವು. ಒಮಾನ್, ದುಬೈ, ಕುವೈತ್, ಬ್ರಿಟನ್‌ಗಳಲ್ಲಿ ಪ್ಲಗ್ ಬದಲಿಸಿದರೆ ನಡೆಯುತ್ತವೆ. ಅಮೆರಿಕದಲ್ಲಿ 120 ವೋಲ್ಟ್ ಮಾತ್ರ ಇರುವುದರಿಂದ ನಡೆಯುವುದಿಲ್ಲ. ಅಲ್ಲಿಯ ವಿದ್ಯುತ್ತಿಗೆಂದೇ ಮಾಡಿದ ಭಾರತೀಯ ಮಿಕ್ಸಿಗಳು ಅಲ್ಲಿಯೇ ಸಿಗುತ್ತವೆ. ಭಾರ ಹೊತ್ತು ಹೋಗುವ ಅಗತ್ಯವಿಲ್ಲ.

ಕಟ್ಟಿಕೊಡಲಾಗದ್ದು

ಇಷ್ಟೆಲ್ಲ ಬರೆದ ಮೇಲೂ ಮುಖ್ಯವಾದ ವಿಷಯ ಒಂದು ಉಳಿದಿದೆ. ಮೇಲೆ ನಾವು ಕೊಟ್ಟ ಲೋಟದ ಲೆಕ್ಕಗಳು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ನಮ್ಮ ತಾಯಿಗೆ ಈ ಲೆಕ್ಕ ಗೊತ್ತಿರಲಿಲ್ಲ. "ನೀರು ಎಷ್ಟಮ್ಮಾ?" ಎಂದರೆ "ಬೇಕಾದಷ್ಟು ಹಾಕು" ಎನ್ನುತ್ತಿದ್ದರು. ಒಂದು ರಜೆಯಲ್ಲಿ ಊರಿಗೆ ಬಂದಾಗ ಅವರು ತರಿ ಸುರಿಯುವ ಮುಂಚೆ ನಾವು ಲೋಟದಲ್ಲಿ ಅಳೆದು, ನೀರನ್ನೂ ಅಳೆದು, ಬರೆದುಕೊಂಡೆವು. "ಕಡುಬಿಗೂ ಲೆಕ್ಕ ಬರೀತಾರಲ್ಲ!" ಎಂದು ಅವರು ನಕ್ಕರು. ಆ ಹಳೆಯ ನೋಟುಬುಕ್ಕಿನ ನಕಲು ಈಗ ಇಂಗ್ಲೆಂಡಿನಲ್ಲಿರುವ ನಮ್ಮ ಮಗಳ ಅಡುಗೆಮನೆಯಲ್ಲಿದೆ.

ಆದರೆ ಅಜ್ಜಿಯನ್ನು ನಾವು ಕೇಳಲಿಲ್ಲ. ಸಾಗುವಾನಿ ಎಲೆಯಲ್ಲಿ ಅವರು ಮಾಡುತ್ತಿದ್ದ ಹಲಸಿನ ಹಣ್ಣಿನ ಕಡುಬಿಗೆ ಎಲೆಯ ಬಣ್ಣ ಹತ್ತಿ ಕೆಂಪಾಗುತ್ತಿತ್ತು. ಮರುದಿನವೂ ಮೆತ್ತಗಿರುತ್ತಿತ್ತು. ಮುಂದಿನ ರಜೆಗೆ ಕೇಳೋಣ ಎಂದುಕೊಂಡೆವು. ಆ ರಜೆ ಬರುವ ಮುಂಚೆಯೇ ಅವರು ತೀರಿಕೊಂಡರು. ಮಸ್ಕತ್ತಿನಿಂದ ಬಂದು ಅಂತ್ಯಕ್ರಿಯೆಗೆ ಸೇರಲೂ ಆಗಲಿಲ್ಲ. ಅದೇ ಮರದ ಹಣ್ಣು, ಅದೇ ಎಲೆಯಿಂದ ಹಲವು ಸಲ ಮಾಡಿ ನೋಡಿದ್ದೇವೆ. ಹಣ್ಣಿಗೆ ಅಕ್ಕಿ ಎಷ್ಟು, ನೆನೆಸುತ್ತಿದ್ದರೋ ಹುರಿಯುತ್ತಿದ್ದರೋ, ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಅಕ್ಕಿ ನಿಷೇಧವಾದರೆ ಒಂದು ವರ್ಷದಲ್ಲಿ ತೆರವಾಗುತ್ತದೆ. ಇದು ಹೋದರೆ ಹೋಯಿತು.

ಆದ್ದರಿಂದ ವಿದೇಶದಲ್ಲಿರುವವರು ಮುಂದಿನ ಸಲ ಅಮ್ಮನಿಗೆ ವಿಡಿಯೋ ಕರೆ ಮಾಡಿದಾಗ ಫೋನನ್ನು ಒಲೆಯ ಪಕ್ಕ ಇಡಲು ಹೇಳಿ. ಅವರು ಹಿಟ್ಟು ಕಲಸುವುದನ್ನು ನೋಡಿ, ಕೇಳಿ, ಬರೆದುಕೊಳ್ಳಿ. ಊರಿಗೆ ಬಂದಾಗ ಒಂದು ಬೆಳಿಗ್ಗೆಯಾದರೂ ಅವರ ಜೊತೆ ಅಡುಗೆಮನೆಯಲ್ಲಿ ನಿಲ್ಲಿ. ಗಂಡುಮಕ್ಕಳೂ ನಿಲ್ಲಲಿ, ಪರದೇಶದ ಕೋಣೆಯಲ್ಲಿ ಒಬ್ಬರೇ ಇದ್ದು ಬ್ರೆಡ್ ತಿನ್ನುವವರಲ್ಲಿ ಅವರೇ ಹೆಚ್ಚು.

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರಿಗೂ ನಮ್ಮದೊಂದು ವಿನಂತಿ. ನಮ್ಮ ಸ್ತ್ರೀ ಸಂಘಟನೆಗಳಲ್ಲಿ, ವಾರ್ಡುಗಳ ಕೂಟಗಳಲ್ಲಿ ಎಪ್ಪತ್ತು ಎಂಬತ್ತು ದಾಟಿದ ತಾಯಂದಿರು ಇನ್ನೂ ಇದ್ದಾರೆ. ವರ್ಷಕ್ಕೊಮ್ಮೆ ಅವರನ್ನು ಕೂರಿಸಿ, ಒಬ್ಬೊಬ್ಬರಿಂದ ಒಂದೊಂದು ತಿಂಡಿ ಮಾಡಿಸಿ, ಓದು ಬರಹ ಬಲ್ಲ ಯುವಕ ಯುವತಿಯರು ಪಕ್ಕದಲ್ಲಿ ಲೋಟ, ಚಮಚ, ಗಡಿಯಾರ ಹಿಡಿದು ಬರೆದುಕೊಂಡರೆ ಸಾಕು. ಇದಕ್ಕೆ ಖರ್ಚಿಲ್ಲ, ವೇದಿಕೆ ಬೇಡ. ಬರೆದದ್ದನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಿ. ಒಂಟಿಯಾಗಿರುವ ಆ ಹಿರಿಯರಿಗೆ ತಮ್ಮ ತಿಳುವಳಿಕೆ ಯಾರಿಗೋ ಬೇಕಾಗಿದೆ ಎಂಬ ಸಂತೋಷವೂ ಸಿಗುತ್ತದೆ.

ಮೊನ್ನೆ ಭಾನುವಾರ ಮಗಳು ಕರೆ ಮಾಡಿದ್ದಳು. ಅಭ್ಯಾಸದಂತೆ "ತಿಂಡಿ ಆಯ್ತಾ?" ಎಂದೆವು. "ಇಲ್ಲ, ಕಡುಬು ಹಬೆಯಲ್ಲಿದೆ, ಇನ್ನು ಐದು ನಿಮಿಷ" ಎಂದಳು. ಹಿಂದಿನಿಂದ ಮೊಮ್ಮಗ "ಆಯ್ತಾ ಅಮ್ಮಾ?" ಎಂದು ಕೇಳುವುದು ಕೇಳಿಸಿತು.